ನಡುಗೋಡೆಯ ನೀರು

ಹಿಂದೂಪುರದ ನಮ್ಮ ಮನೆಗೆ ಮುಂಬಾಗಿಲು ಎರಡು. ಮೊದಲು ಒಂದೇ ಇತ್ತಂತೆ. ನಾನು ಹುಟ್ಟುವ ಮೊದಲು ದೊಡ್ಡಪ್ಪನೂ ಅಪ್ಪನೂ ಪಾಲಾದಾಗ ಪಡಸಾಲೆಯನ್ನು ಸೀಳಿ ಇನ್ನೊಂದು ಬಾಗಿಲು ಇಟ್ಟರು. ಹೊಸದಾಗಿ ಗೋಡೆ ಎಬ್ಬಿಸುವ ಕೆಲಸ ಹೆಚ್ಚು ಬೀಳಲಿಲ್ಲ. ಬೀದಿಯಿಂದ ಹಿತ್ತಲವರೆಗೆ ಮನೆಯ ನಡುವೆ ಮೊದಲೇ ಒಂದು ಗೋಡೆ ಇತ್ತು. ಕೆಳಗೆ ಗೇಣೆತ್ತರಕ್ಕೆ ಕಲ್ಲು, ಅದರ ಮೇಲೆ ಹುಲ್ಲು ಸೇರಿಸಿ ತುಳಿದು ಹದ ಮಾಡಿದ ಕೆಮ್ಮಣ್ಣು. ಅದರ ಗೂಡಿನಲ್ಲಿ ಕಾಲು ಮಡಚಿ ಕೂತು ನಾನು ಪಾಠ ಓದುವಷ್ಟು ದಪ್ಪ. ಗೋಡೆಯ ಈಚೆ ನಮ್ಮ ನಡುಮನೆ, ಅಡಿಗೆಮನೆ. ಆಚೆ ದೊಡ್ಡಪ್ಪನ ನಡುಮನೆ, ಅದರ ಮೂಲೆಯಲ್ಲಿ ಬಚ್ಚಲು. ಪಾತ್ರೆ, ಪೆಟ್ಟಿಗೆ, ಪರಿಗಿ ಹತ್ತಿರದ ಹೊಲ ಎಲ್ಲವೂ ಎರಡಾಗಿದ್ದವು. ಪಾಲಾಗದೆ ಉಳಿದದ್ದು ಈ ಗೋಡೆ ಮತ್ತು ಅಜ್ಜಿ.

ಅಜ್ಜಿ ಇದ್ದದ್ದು ಆಚೆ. ಹಿತ್ತಲಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವಳು ಗೋಡೆ ಹಿಡಿದು ಕೆಲವೇ ಹೆಜ್ಜೆ ಹಾಕಬಲ್ಲವಳಾಗಿದ್ದಳು. ಹಾಸಿಗೆಯಿಂದ ಬಚ್ಚಲಿಗೆ ಅಷ್ಟೇ ದೂರ. ಹಿತ್ತಲಲ್ಲಿದ್ದ ಬಚ್ಚಲನ್ನು ದೊಡ್ಡಪ್ಪ ಒಳಕ್ಕೆ ತಂದದ್ದೇ ಅವಳಿಗಾಗಿ. ಅಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ ದೊಡ್ಡಮ್ಮ ನೀರು ಹುಯ್ಯುತ್ತಿದ್ದಳು. ಅಜ್ಜಿ ಹುಯ್ಯಿಸಿಕೊಳ್ಳುವಷ್ಟು ಹೊತ್ತೂ ಬೈಯುತ್ತಿದ್ದಳು. ನೀರು ಸುಡ್ತದೆ, ನೀರು ಸಾಲದು, ಸೀಗೆಪುಡಿ ಕಣ್ಣಿಗೆ ಬಿತ್ತು. ತೊಲೆಗಳ ಸಂದಿನಿಂದ ಆ ಬೈಗುಳ ಒಂದಕ್ಷರವೂ ಬಿಡದೆ ನಮ್ಮ ಮನೆಗೆ ಬರುತ್ತಿತ್ತು. ಅಮ್ಮ ರಾಗಿ ಮುದ್ದೆ ತಿರುವುತ್ತ ನಗುತ್ತಿದ್ದಳು. ಬೆಳಗಿನ ನಮ್ಮ ಮನೆಯ ಸದ್ದು ಅದೇ.

ನಲ್ಲಿ ಅಮ್ಮನ ಆಸೆ. ಅವಳ ತವರು ಕಲ್ಯಾಣದುರ್ಗ. ಅಲ್ಲಿ ಹುಡುಗಿಯಾಗಿದ್ದಾಗ ಊರಾಚೆಯ ಬಾವಿಯಿಂದ ಹೊತ್ತು ಹೊತ್ತು ತಲೆಯ ನಡುವೆ ಕೂದಲು ಸವೆದಿತ್ತು ಎಂದು ಅವಳೇ ಹೇಳುತ್ತಿದ್ದಳು. ಹಿಂದೂಪುರಕ್ಕೆ ಬಂದ ಮೇಲೆ ಬೀದಿಯ ನಲ್ಲಿಯ ಸರತಿ. ಮನೆಯೊಳಗೆ ಒಂದು ನಲ್ಲಿ ಬೇಕು ಎಂದು ಅವಳು ಎಷ್ಟು ವರ್ಷ ಕೇಳಿದಳೋ, ಅಪ್ಪ ಎಷ್ಟು ವರ್ಷ ಕೇಳಿಸಿಕೊಳ್ಳಲಿಲ್ಲವೋ ನನಗೆ ತಿಳಿಯದು. ಅಪ್ಪ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಬರೆಯುತ್ತಿದ್ದ. ಒಂದು ದಿನ ಮಂಡಿಯಿಂದ ಬರುವಾಗ ಪೈಪು ಕೂರಿಸುವವನನ್ನು ಕರೆದುಕೊಂಡೇ ಬಂದ. ಪೈಪು ಬೀದಿಯಿಂದ ಒಳಕ್ಕೆ ಬಂದು ನಡುಗೋಡೆಯ ಗುಂಟ ಅಡಿಗೆಮನೆ ಸೇರಬೇಕಿತ್ತು. ಅದನ್ನು ಗೋಡೆಯ ಮೇಲೆ ಮೊಳೆ ಹೊಡೆದು ನಿಲ್ಲಿಸುತ್ತೇನೆಂದು ಅವನು ಹೇಳಿದಾಗ ಅಮ್ಮ ಒಪ್ಪಲಿಲ್ಲ.

"ಹಾವು ಹರಿದಂಗೆ ನಡುಮನೇಲಿ ಪೈಪು ಕಾಣಬಾರದು ಕಣಪ್ಪ. ಗೋಡೆ ಕೊರೆದು ಒಳಗೇ ಇಟ್ಬುಡು."

ಅವನು ಕೊರೆದ, ಇಟ್ಟ, ಮೇಲೆ ಮಣ್ಣು ಮೆತ್ತಿ ಸುಣ್ಣ ಬಳಿದ. ಅಡಿಗೆಮನೆಯಲ್ಲಿ ಗೋಡೆಯಿಂದ ಹಿತ್ತಾಳೆಯ ಮೂತಿಯೊಂದು ಮಾತ್ರ ಚಾಚಿಕೊಂಡಿತ್ತು. ನಮ್ಮ ಬೀದಿಯಲ್ಲಿ ಮನೆಯೊಳಗೆ ನಲ್ಲಿ ಬಂದದ್ದು ಅದೇ ಮೊದಲು. ಅಕ್ಕಪಕ್ಕದ ಹೆಂಗಸರು ಬಂದು ನೋಡಿಹೋದರು. ದೊಡ್ಡಮ್ಮನೂ ಬಂದಳು. ತಿರುಪು ತಿರುಗಿಸಿ, ನೀರು ಬಿದ್ದದ್ದನ್ನು ನೋಡಿ, ಮತ್ತೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡಳು.

"ಇನ್ನೇನಮ್ಮ, ಕಲ್ಯಾಣದುರ್ಗದ ಮಹಾರಾಣಿ ಕೂತ ಜಾಗಕ್ಕೇ ಗಂಗಮ್ಮ ಬತ್ತಾಳೆ."

"ನೀವೂ ಹಿಡ್ಕೊಳ್ಳಿ ಅಕ್ಕ, ಬೇಡ ಅಂದೋರ್ಯಾರು?"

"ನಂಗೆ ಕಾಲು ಗಟ್ಟಿ ಐತೆ. ಬೀದಿಗೆ ಹೋಯ್ತೀನಿ, ನಾಲ್ಕು ಜನದ ಮುಖ ನೋಡ್ತೀನಿ."

ಚಳಿ ಶುರುವಾಗುವ ಹೊತ್ತಿಗೆ ಗೋಡೆಯ ಬುಡದಲ್ಲಿ ಕಪ್ಪು ಕಾಣಿಸಿತು. ಮೊದಲು ಅಂಗೈಯಗಲ, ಆಮೇಲೆ ಚಾಪೆಯಗಲ. ರಾಗಿ ಚೀಲದ ತಳ ಬೂಷ್ಟು ಹಿಡಿಯಿತು. ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಹಾಳೆಗಳು ಸುರುಳಿ ಸುತ್ತಿಕೊಂಡವು. ಸುಣ್ಣ ಹಪ್ಪಳದಂತೆ ಎದ್ದು ಬೀಳತೊಡಗಿತು. ಬಿದ್ದ ಜಾಗದಲ್ಲಿ ಬೆರಳಿಟ್ಟರೆ ಮಣ್ಣಿನೊಳಕ್ಕೆ ಉಗುರು ಇಳಿಯುತ್ತಿತ್ತು. ನನ್ನ ಹಾಸಿಗೆಯನ್ನು ಎದುರಿನ ಗೋಡೆಗೆ ಸರಿಸಿದರು. ಮಣ್ಣಿನ ಗೋಡೆ ಬುಡದಲ್ಲಿ ನೆನೆದರೆ ಮೇಲಿನ ತೊಲೆ ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಎರಡೂ ಮನೆಯ ದೊಡ್ಡವರಿಗೆ ಗೊತ್ತಿತ್ತು.

ಅಪ್ಪನಿಗೆ ಉಪಾಯ ಹೊಳೆದದ್ದು ಚಾವಣಿಯನ್ನು ನೋಡಿ. ನಮ್ಮ ಕಡೆಯ ಮಿದ್ದೆ ಮನೆಗಳಲ್ಲಿ ಚಾವಣಿ ಸಮತಟ್ಟು. ಅದರ ಮೇಲೆ ಚೌಡು ಮಣ್ಣು ಹರಡುತ್ತಾರೆ. ಉಪ್ಪಿನಂಶದ ಬೂದು ಮಣ್ಣು ಅದು. ಮಳೆ ಬಿದ್ದ ಕೂಡಲೇ ಅಂಟಿನಂತೆ ಮುಚ್ಚಿಕೊಂಡು ಹನಿ ನೀರನ್ನೂ ಕೆಳಕ್ಕೆ ಬಿಡುವುದಿಲ್ಲ. ಕಲ್ಯಾಣದುರ್ಗದ ಚೌಡು ಬಹಳ ಒಳ್ಳೆಯದೆಂದು ಹೆಸರು. ಅಮ್ಮನ ಅಣ್ಣ, ನನ್ನ ಮಾವ, ಕಡಲೆಕಾಯಿ ಲಾರಿಯಲ್ಲಿ ಮೂಟೆಗಳನ್ನು ಕಳಿಸಿಕೊಟ್ಟ. ಚಾವಣಿಯಲ್ಲಿ ನೀರು ತಡೆಯುವ ಮಣ್ಣು ಗೋಡೆಯಲ್ಲಿ ತಡೆಯದೇ ಎಂಬುದು ಅಪ್ಪನ ಲೆಕ್ಕ. ಮಂಡಿಗೆ ರಜೆ ಇದ್ದ ದಿನ ಪಂಚೆ ಎತ್ತಿ ಕಟ್ಟಿ, ನಡುಗೋಡೆಯ ಒದ್ದೆ ಭಾಗಕ್ಕೆಲ್ಲ ತಾನೇ ಚೌಡು ಮೆತ್ತಿದ. ಕೆಲಸ ಅಂದವಾಗಿಯೇ ಇತ್ತು. ಅದನ್ನು ನೋಡಿ ನಮ್ಮ ಬೀದಿಯಲ್ಲೇ ಇನ್ನೊಬ್ಬರು ತಮ್ಮ ಗೋಡೆಗೂ ಅದೇ ಮಾಡಿಸಿದರು.

ಗೋಡೆ ಒಣಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮೊದಲಿಗಿಂತ ಹೆಚ್ಚು ಒದ್ದೆ. ಮುಟ್ಟಿದರೆ ಅಂಗೈ ಜಾರುವಷ್ಟು. ಅಪ್ಪ ಬೀದಿಯ ಕಡೆಯಿದ್ದ ತಿರುಪನ್ನು ಮುಚ್ಚಿ ನಲ್ಲಿಗೆ ನೀರೇ ಬರದಂತೆ ಮಾಡಿ ಒಂದಷ್ಟು ದಿನ ಕಾದ. ಬೆಳಗ್ಗೆ ಗೋಡೆ ಮತ್ತೆ ಒದ್ದೆ. ಅಲ್ಲಿಗೆ ಅವನ ಮಟ್ಟಿಗೆ ವಿಚಾರಣೆ ಮುಗಿಯಿತು. ನಮ್ಮ ನಲ್ಲಿ ಮುಚ್ಚಿದೆ, ಗೋಡೆ ಒದ್ದೆಯಾಗುತ್ತಿದೆ; ಹಾಗಾದರೆ ನೀರು ಆಚೆಯಿಂದ, ಬಚ್ಚಲಿನಿಂದ. ಆ ತರ್ಕದಲ್ಲಿ ತಪ್ಪು ಹುಡುಕಲು ಆಗ ಯಾರಿಗೂ ಆಗಲಿಲ್ಲ. ಅವನು ನಲ್ಲಿಯನ್ನು ಮತ್ತೆ ತೆರೆದ, ನೇರ ದೊಡ್ಡಪ್ಪನ ಬಾಗಿಲಿಗೆ ಹೋದ. ನಾನು ಅವನ ಹಿಂದೆಯೇ ಇದ್ದೆ. ಆದ್ದರಿಂದ ಇದು ಕೇಳಿದ ಮಾತಲ್ಲ, ಕಂಡದ್ದು.

"ಅಣ್ಣ, ಬಚ್ಚಲು ಕಿತ್ತಾಕಿ ಹಿತ್ತಲಿಗೆ ಹಾಕ್ಕೊ. ಗೋಡೆ ಬಿದ್ದೋಯ್ತದೆ."

"ಅಮ್ಮ ಹಿತ್ತಲಿಗೆ ಹೆಂಗ್ಲಾ ಹೋಯ್ತಾಳೆ? ನೀನು ಹೊತ್ಕೊಂಡು ಹೋಯ್ತೀಯಾ?"

"ಅಕ್ಕನ ಮನೆಗೆ ಕಳ್ಸಾನ, ರೊದ್ದಂಗೆ. ಅಲ್ಲಿ ಬಾಗಲಿಗೇ ಬಚ್ಚಲೈತೆ."

ಒಳಗಿನಿಂದ ಅಜ್ಜಿಯ ದನಿ ಬಂತು. ಅವಳಿಗೆ ಕಣ್ಣು ಮಂದವಾಗಿತ್ತೇ ಹೊರತು ಕಿವಿಯಲ್ಲ.

"ಮಗಳ ಮನೇಲಿ ಸಾಯಾಕೆ ಎರಡು ಗಂಡು ಹೆತ್ನಾ? ಗೋಡೆ ಬಿದ್ರೆ ನನ್ ಮೇಲೇ ಬೀಳ್ಲಿ ಬುಡು. ಬಚ್ಚಲು ಮುಟ್ಟಿದ್ರೆ ನೋಡು!"

ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಅಪ್ಪ ಆಚೆಯ ಹೊಸ್ತಿಲು ತುಳಿಯಲಿಲ್ಲ. ಅವನ ತಾಯಿ ಒಳಗೆ ಮಲಗಿದ್ದರೂ ತುಳಿಯಲಿಲ್ಲ. ದೊಡ್ಡಮ್ಮ ನೀರು ಹುಯ್ಯುವಾಗ ತಂಬಿಗೆಯನ್ನು ಬೇಕೆಂದೇ ಜೋರಾಗಿ ಕುಕ್ಕುತ್ತಿದ್ದಳು. ಅಜ್ಜಿ ಬೈಯುವುದನ್ನು ಬಿಟ್ಟಳು. ಅದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಬೆಳಗ್ಗೆ ಬರೀ ನೀರಿನ ಸದ್ದು ಕೇಳಿಸುತ್ತಿತ್ತು. ಹಬ್ಬ ಹತ್ತಿರ ಬರುತ್ತಿತ್ತು. ಯುಗಾದಿಗೆ ಮೊದಲು ತೀರ್ಮಾನವಾಗಲಿ, ಕಲ್ಯಾಣದುರ್ಗದಿಂದ ಮಾವ ಬಂದು ನಡುವೆ ಕೂತು ಹೇಳಲಿ ಎಂದು ದೊಡ್ಡಪ್ಪನೂ ಒಪ್ಪಿದ. ಒಪ್ಪಿದ ಎಂದರೆ ಸೋತ ಎಂದೇ. ಮಾವ ನಮ್ಮ ಕಡೆಯವನು. ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ರೊದ್ದಂನ ಅತ್ತೆಗೆ ಸುದ್ದಿ ಹೋಯಿತು. ಅಜ್ಜಿಯ ಸೀರೆಗಳನ್ನು ದೊಡ್ಡಮ್ಮ ಒಗೆದು ಮಡಚಿಡುತ್ತಿರುವುದನ್ನು ನಾನು ಕಿಟಕಿಯಿಂದ ನೋಡಿದೆ.

ಅಮ್ಮ ಅಷ್ಟು ದಿನವೂ ಏನೂ ಮಾತಾಡಿರಲಿಲ್ಲ. ಒಂದು ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಅವಳು ಗೋಡೆಯ ಮುಂದೆ ನಿಂತಿರುವುದನ್ನು ಕಂಡೆ. ಬೆರಳಿನಿಂದ ಒದ್ದೆಯನ್ನು ಸವರಿ ನಾಲಗೆಗೆ ಇಟ್ಟುಕೊಂಡಳು. ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ನನ್ನ ಕೈ ಹಿಡಿದು ಅದೇ ಜಾಗದ ಮೇಲೆ ಇಟ್ಟಳು. ಒಣಗಿತ್ತು, ಬಿಳಿ ಉಪ್ಪು ಹಿಟ್ಟಿನಂತೆ ಅಂಗೈಗೆ ಹತ್ತಿತು.

"ಬೆಳಗ್ಗೆ ಒದ್ದೆ, ಮಧ್ಯಾಹ್ನ ಒಣ. ಸೋರೋ ನೀರು ಹೊತ್ತು ನೋಡ್ಕೊಂಡು ಸೋರ್ತದೇನೇ?"

"ಇಲ್ಲ."

"ನಮ್ಮೂರಲ್ಲಿ ಅಂಗಳದಾಗೆ ಚೌಡು ಗುಡ್ಡೆ ಹಾಕಿರ್ತಿದ್ರು. ಚಳಿಗಾಲದಾಗೆ ಮಳೆ ಇಲ್ದೆ, ಯಾರೂ ನೀರು ಹುಯ್ಯದೆ, ಬೆಳಗ್ಗೆ ಅದ್ರ ಮೈಯೆಲ್ಲ ಬೆವರಿರ್ತಿತ್ತು. ಚಿಕ್ಕೋಳಿದ್ದಾಗ ಅದ್ರ ಮೇಲೆ ಕೂತು ಲಂಗ ಒದ್ದೆ ಮಾಡ್ಕೊಂಡು ಬೈಸ್ಕೊಂಡಿವ್ನಿ. ಉಪ್ಪಿನ ಮಣ್ಣು ಕಣೇ ಇದು. ಗಾಳೀಲಿರೋ ನೀರು ಕುಡೀತದೆ. ನಿಮ್ಮಪ್ಪ ಇದ್ರ ಮಾತು ನಂಬ್ಕೊಂಡು ಅಣ್ಣನ ಮನೆ ಬಾಗ್ಲಿಗೆ ಹೋದ್ರು."

ಅಪ್ಪ ಮಂಡಿಯಿಂದ ಬರುವ ಹೊತ್ತಿಗೆ ಅವಳು ಚೌಡನ್ನೆಲ್ಲ ಕುಡುಗೋಲಿನಿಂದ ಹೆರೆದು ಹಿತ್ತಲಲ್ಲಿ ಸುರಿದಿದ್ದಳು. ಮನೆಯಲ್ಲಿ ಅಂದು ನಡೆದ ಜಗಳವನ್ನು ಇಲ್ಲಿ ಪೂರ್ತಿ ಬರೆಯುವುದು ಬೇಡ. ತಾನು ಮೆತ್ತಿದ್ದನ್ನು ಹೆಂಡತಿ ಕೆರೆದಳು ಎಂಬ ಸಿಟ್ಟಿನ ಜೊತೆಗೆ, ಅವಳು ಯಾರ ಕಡೆ ಎಂಬ ಪ್ರಶ್ನೆಯೂ ಇತ್ತು. ಅಪ್ಪ ಅದನ್ನು ಕೇಳಿಯೇಬಿಟ್ಟ.

"ನೀನು ಯಾರ ಕಡೆ?"

"ಬಚ್ಚಲದ್ದೇ ನೀರಾದ್ರೆ ನಾನೇ ಹಾರೆ ತಗೊಂಡು ಹೋಗಿ ಕಿತ್ತಾಕ್ತೀನಿ. ಅಣ್ಣ ಬರೋಗಂಟ ತಡ್ಕಳಿ."

ಮರುದಿನ ಅವಳು ಬೀದಿ ಕಡೆಯ ತಿರುಪನ್ನು ಮುಚ್ಚಿದಳು. ಚೌಡಿನಡಿಯ ಮಣ್ಣು ಇನ್ನೂ ಒದ್ದೆಯಾಗಿಯೇ ಇತ್ತು; ಆ ಒದ್ದೆಯ ಅಂಚಿಗೆ ಸರಿಯಾಗಿ ಇದ್ದಿಲಿನಿಂದ ಗೆರೆ ಎಳೆದಳು. ಅಪ್ಪ ಮಾಡಿದ ಪರೀಕ್ಷೆಯನ್ನೇ ಅವಳೂ ಮಾಡಿದ್ದು. ಗೋಡೆಯ ಮೇಲೆ ಚೌಡು ಇರಲಿಲ್ಲ ಎಂಬುದೊಂದೇ ವ್ಯತ್ಯಾಸ. ಅಷ್ಟು ಆಸೆಪಟ್ಟು ತರಿಸಿಕೊಂಡ ನಲ್ಲಿಯನ್ನು ಬಿಟ್ಟು ಬಿಂದಿಗೆ ಹೊತ್ತು ಮತ್ತೆ ಬೀದಿಯ ಸರತಿಯಲ್ಲಿ ನಿಂತಳು. ಅಲ್ಲಿದ್ದ ಒಬ್ಬ ತೆಲುಗು ಹೆಂಗಸು ಬಿಡಲಿಲ್ಲ.

"ಏಮಮ್ಮಾ, ಮೀ ಇಂಟ್ಲೋನೇ ಕೊಳಾಯಿ ಉಂದಿ ಕದಾ?"

ನಿಮ್ಮ ಮನೆಯಲ್ಲೇ ನಲ್ಲಿ ಇದೆಯಲ್ಲ ಎಂದು ಅವಳ ಕೊಂಕು. ಅಮ್ಮ ಬಿಂದಿಗೆಯನ್ನು ಮುಂದಕ್ಕೆ ಸರಿಸಿದಳು.

"ಉಂದಿ. ದಾನಿಕಿ ಸೆಲವು ಇಚ್ಚಿನಾನು."

ಇದೆ, ಅದಕ್ಕೆ ರಜೆ ಕೊಟ್ಟಿದ್ದೇನೆ. ಸರತಿಯೆಲ್ಲ ನಕ್ಕಿತು. ಅದರಲ್ಲಿ ದೊಡ್ಡಮ್ಮನೂ ಇದ್ದಳು. ಅವಳು ನಗದಿರಲು ಬಹಳ ಕಷ್ಟಪಟ್ಟು ಬೇರೆ ಕಡೆ ತಿರುಗಿದಳು.

ಬಿಸಿಲು ಏರುತ್ತಿದ್ದ ಕಾಲ. ಆಚೆ ಬಚ್ಚಲಿನಲ್ಲಿ ಎಂದಿನಂತೆ ನೀರು ಬೀಳುತ್ತಿತ್ತು, ಈಚೆ ಗೋಡೆ ಒಣಗುತ್ತ ಹೋಯಿತು. ಒದ್ದೆಯ ಕಪ್ಪು, ಇದ್ದಿಲಿನ ಗೆರೆಯನ್ನು ಬಿಟ್ಟು ಕೆಳಗಿಳಿಯಿತು, ಅಂಚು ಮಸುಕಾಯಿತು. ಅಮ್ಮ ದಿನವೂ ನನಗೇ ಮುಟ್ಟಿ ನೋಡಲು ಹೇಳುತ್ತಿದ್ದಳು. ತನ್ನ ಕೈ ತನಗೆ ಬೇಕಾದ್ದನ್ನು ಹೇಳಿಬಿಡಬಹುದು ಎಂಬ ಅನುಮಾನ ಅವಳಿಗೆ. ಅವಳಿಗೆ ಬೇಕಾದ್ದು ಏನಾಗಿತ್ತು ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷದ ಮೇಲೆ. ಗೋಡೆ ಒಣಗದೆ ಇದ್ದಿದ್ದರೆ ಅವಳ ನಲ್ಲಿ ಉಳಿಯುತ್ತಿತ್ತು, ಗಂಡನ ಮಾತು ಗೆಲ್ಲುತ್ತಿತ್ತು. ಗೋಡೆ ಒಣಗಿತು. ಆಮೇಲೆ ಅವಳು ತಿರುಪನ್ನು ತೆರೆದಳು. ಕಪ್ಪು ಮತ್ತೆ ಹತ್ತಿತು, ಗೆರೆಯನ್ನು ದಾಟಿತು. ಅವಳು ಅದನ್ನು ನೋಡಿ ಒಳಗೆ ಹೋಗಿ ಹುರುಳಿ ಆರಿಸುತ್ತ ಕೂತಳು. ಅಪ್ಪನೂ ನೋಡಿದ. 

ಮಾವ ಬಂದ ದಿನ ದೊಡ್ಡಪ್ಪನ ಪಡಸಾಲೆಯಲ್ಲಿ ಚಾಪೆ ಹಾಕಿದ್ದರು. ಅಪ್ಪ ಒಳಕ್ಕೆ ಬರದೆ ಜಗುಲಿಯ ಮೇಲೆಯೇ ಕೂತ. ದೊಡ್ಡಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಹಿಂದೆ, ಒಳಗೆ, ಅಜ್ಜಿಯ ಟ್ರಂಕು ಸಿದ್ಧವಾಗಿತ್ತು. ಮಾವ ಎಲೆ ಅಡಿಕೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಹಿರಿಯರು ಹೇಳುವ ರೀತಿಯಲ್ಲಿ ಆರಂಭಿಸಿದ.

"ನೋಡಪ್ಪ, ಮನೆ ಅಂದ್ಮೇಲೆ ಎಲ್ರೂ ಒಸಿ ತಗ್ಗಬೇಕು. ಮುದುಕಮ್ಮನಿಗೆ ರೊದ್ದಂನಾಗೆ ಏನೂ ಕಮ್ಮಿ ಆಗಾಕಿಲ್ಲ. ಬಚ್ಚಲು..."

"ಅಣ್ಣ, ಒಸಿ ತಡ್ಕೋ," ಎಂದಳು ಅಮ್ಮ. ಗಂಡಸರು ಕೂತಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನೀರು ನಮ್ದು. ಬಚ್ಚಲದ್ದಲ್ಲ. ನಮ್ ನಲ್ಲೀದು."

ಮಾವ ಎಲೆ ಜಗಿಯುವುದನ್ನು ನಿಲ್ಲಿಸಿದ.

"ಏನೇ ಇದು? ನಿನ್ ಗಂಡನ್ ಪರವಾಗಿ ಮಾತಾಡಾಕೆ ಬಸ್ಸತ್ಕೊಂಡು ಬಂದಿವ್ನಿ. ನೀನೇ ಹಿಂಗಂದ್ರೆ ನಾನೇನು ಮಾಡ್ಲಿ?"

"ಈಚೆಗ್ ಬಂದು ಗೋಡೆ ಮುಟ್ಟಿ ನೋಡು. ನಲ್ಲಿ ಮುಚ್ಚಿದ್ರೆ ಒಣಗ್ತದೆ. ಬುಟ್ರೆ ನೆನೀತದೆ. ಈ ಅಕ್ಕ ಒಂದಿನಾನೂ ಬಚ್ಚಲಿಗೆ ನೀರು ಹಾಕೋದ್ ಬುಟ್ಟಿಲ್ಲ. ನಾವು ಗೋಡೆಗೆ ಚೌಡು ಬಳಿದು ನಮ್ ಕಣ್ಣಿಗೆ ನಾವೇ ಮಣ್ಣು ಹಾಕ್ಕೊಂಡ್ವಿ. ಗೋಡೆ ಕೊರೆದು ಪೈಪು ಒಳಗಿಡು ಅಂದೋಳೂ ನಾನೇ."

 ಎಲ್ಲರೂ ನೋಡಿದ್ದು ಜಗುಲಿಯ ಕಡೆ. ಅಪ್ಪ ಎದ್ದ. ಅವನು ಬೀದಿಗೆ ಇಳಿದು ಹೋಗಿಬಿಡುತ್ತಾನೆ ಎಂದುಕೊಂಡೆ. ಮಾವನೂ ಹಾಗೇ ಅಂದುಕೊಂಡನೋ ಏನೋ, ಅರ್ಧ ಎದ್ದು ನಿಂತಿದ್ದ. ಅಪ್ಪ ನಮ್ಮ ಬಾಗಿಲಿನೊಳಕ್ಕೆ ಹೋದ. ಒಂದು ಗಳಿಗೆಯಲ್ಲಿ ಉಳಿ ಸುತ್ತಿಗೆಯ ಸದ್ದು ಕೇಳಿಸಿತು. ನಾವೆಲ್ಲ ಹೋದಾಗ ಅವನು ಗೋಡೆಯ ಮೇಲೆ ಪೈಪು ಹೋದ ದಾರಿಯನ್ನು ಬಿಡಿಸುತ್ತಿದ್ದ. ಒದ್ದೆ ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತು. ಎರಡು ಪೈಪುಗಳು ಕೂಡುವ ಜಾಗದಲ್ಲಿ, ಸುತ್ತಿದ್ದ ನಾರು ಕೊಳೆತು, ನೀರು ಸಣ್ಣಗೆ ಒಸರುತ್ತಿತ್ತು. ಅಪ್ಪ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ನಿಂತಿತು. ತೆಗೆದ. ಮತ್ತೆ ಒಸರಿತು.

"ನಮ್ದೇ ಕಣಣ್ಣ," ಎಂದ, ದೊಡ್ಡಪ್ಪನ ಮುಖ ನೋಡದೆ.

ದೊಡ್ಡಪ್ಪ ಬಗ್ಗಿ ನೋಡಿ, "ನಾರು ಸರಿಯಾಗಿ ಸುತ್ತಿಲ್ಲ ಕಣ್ಲಾ ಅವ್ನು," ಎಂದಷ್ಟೇ ಹೇಳಿದ. ಬೇರೇನನ್ನೂ ಅವನು ಅಂದೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಹೇಳಿದ್ದು ದೊಡ್ಡಮ್ಮ. ಅಮ್ಮನ ಹತ್ತಿರ ಬಂದು ಮೇಲಿಂದ ಕೆಳಕ್ಕೆ ನೋಡಿದಳು.

"ಎಲ್ರ ಮುಂದೆ ಹೇಳ್ಬುಟ್ಟೆಯಲ್ಲೇ ನಾಗೂ! ನಾನಾಗಿದ್ರೆ ಬಾಯಿ ಬಿಡ್ತಿರ್ಲಿಲ್ಲ ಕಣೇ."

"ನೀವಾಗಿದ್ರೆ ನಲ್ಲೀನೇ ಹಾಕಿಸ್ತಿರ್ಲಿಲ್ಲ ಬುಡಿ."

"ಅದೂ ನಿಜವೇ."

ಪತ್ರಿಕೆಯ ಕೆಲಸದಲ್ಲಿ ನನ್ನ ಬಹುಪಾಲು ಆಯುಷ್ಯ ಕಳೆಯಿತು. ನಾವು ಅಚ್ಚು ಮಾಡಿದ್ದು ತಪ್ಪೆಂದು ನಮಗೇ ತಿಳಿದ ದಿನಗಳು ಬಂದಿವೆ. ಅದನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುಗಿಸೋಣ ಎಂದು ಹೇಳಿದ ಹಿರಿಯರನ್ನು ಕಂಡಿದ್ದೇನೆ; ಅವರಲ್ಲಿ ಓದಿಕೊಂಡವರೇ ಹೆಚ್ಚು. ಅಂಥ ಹೊತ್ತಿನಲ್ಲಿ ನನಗೆ ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಯಾವ ದೊಡ್ಡ ಹೆಸರನ್ನೂ ಹೇಳಲಾರೆ. ತನ್ನ ಆಸೆಯ ವಸ್ತುವೇ ತಪ್ಪಿತಸ್ಥ ಎಂದು ತಾನೇ ಪತ್ತೆ ಮಾಡಿ, ಅದನ್ನು ತನ್ನನ್ನು ಕೊಂಕಾಡುವವಳ ಮನೆಯೊಳಗೇ ನಿಂತು ಹೇಳಿದ ಹೆಂಗಸಿನ ಮಗಳು ನಾನು. ಆ ಹೆಮ್ಮೆಯನ್ನು ಮುಚ್ಚಿಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ.

ಪೈಪನ್ನು ಕಿತ್ತು ನಲ್ಲಿಯನ್ನು ಎರಡು ಬಾಗಿಲುಗಳ ನಡುವೆ ಜಗುಲಿಯ ಪಕ್ಕಕ್ಕೆ ತಂದರು. ನಡುಗೋಡೆಯ ನೆನೆದ ಭಾಗವನ್ನು ತೊಲೆಗೆ ಕಂಬ ಕೊಟ್ಟು ನಿಲ್ಲಿಸಿ, ಮೆತ್ತಗಾದದ್ದನ್ನೆಲ್ಲ ತೆಗೆದು, ಹೊಸ ಮಣ್ಣು ತುಂಬಿದರು. ದೊಡ್ಡಪ್ಪ ಹೊಲದಿಂದ ಕೆಮ್ಮಣ್ಣು ತಂದ. ದೊಡ್ಡಮ್ಮನೂ ಅಮ್ಮನೂ ಸೀರೆ ಎತ್ತಿ ಕಟ್ಟಿ ಹುಲ್ಲು ಸೇರಿಸಿ ತುಳಿದರು. ಮಾವ ಎರಡು ದಿನ ಹೆಚ್ಚಿಗೆ ಉಳಿದು ಎಲ್ಲರಿಗೂ ಸಲಹೆ ಕೊಟ್ಟ. ಗೋಡೆ ಪೂರ್ತಿ ಒಣಗುವವರೆಗೆ ಸುಣ್ಣ ಬೇಡ ಎಂದು ಅಮ್ಮ ಹಟ ಹಿಡಿದದ್ದರಿಂದ ಆ ಯುಗಾದಿಗೆ ನಮ್ಮ ನಡುಮನೆಯ ಒಂದು ಪಕ್ಕ ಕೆಂಪಗೇ ಉಳಿಯಿತು. ಬಂದವರು ಕೇಳಿದರೆ ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು.

ಆದರೂ ಅಪ್ಪ ಆಚೆ ಹೋಗಿರಲಿಲ್ಲ. ಮಣ್ಣು ಹೊತ್ತ, ಅಣ್ಣನ ಜೊತೆ ತೊಲೆ ಎತ್ತಿದ, ಆದರೆ ತಾಯಿಯ ಮುಂದೆ ಹೋಗಿ ನಿಲ್ಲುವುದು ಅವನಿಂದ ಆಗಲಿಲ್ಲ. ಯುಗಾದಿಯ ಬೆಳಗ್ಗೆ ಎಣ್ಣೆನೀರಿನ ಹೊತ್ತು. ಆಚೆಯ ಬಚ್ಚಲಿನಲ್ಲಿ ಅಜ್ಜಿಗೆ ಎಣ್ಣೆ ಒತ್ತುತ್ತಿದ್ದರು. ಅಪ್ಪ ಹೊಸ ನಲ್ಲಿಯಿಂದ ಬಿಂದಿಗೆ ತುಂಬಿಸಿ, ಯಾರಿಗೂ ಏನೂ ಹೇಳದೆ, ಅದನ್ನು ಹೆಗಲಿಗೆತ್ತಿಕೊಂಡು ದೊಡ್ಡಪ್ಪನ ಹೊಸ್ತಿಲು ದಾಟಿದ. ಅಮ್ಮ ಅವನ ಹಿಂದೆ ಹೋಗಲಿಲ್ಲ, ನನ್ನನ್ನು ತಳ್ಳಿದಳು. ಅಜ್ಜಿ ಕಲ್ಲಿನ ಮೇಲೆ ಕೂತಿದ್ದಳು, ಮೈಯೆಲ್ಲ ಎಣ್ಣೆ ಹೊಳೆಯುತ್ತಿತ್ತು.

"ಯಾರ್ಲಾ ಅದು?"

"ನಾನು ಕಣಮ್ಮ. ನೀರು ತಂದಿವ್ನಿ."

ಅಜ್ಜಿ ಕೈ ಚಾಚಿ ಬಿಂದಿಗೆಯ ಬಾಯಿ ಹುಡುಕಿದಳು. ಬೆರಳು ಅದ್ದಿದಳು. ಅವಳು ಏನು ಹೇಳುತ್ತಾಳೋ ಎಂದು ದೊಡ್ಡಮ್ಮ ಎಣ್ಣೆ ಬಟ್ಟಲು ಹಿಡಿದು ಹಾಗೇ ನಿಂತಿದ್ದಳು.

"ಹಬ್ಬದ ದಿನ ತಣ್ಣೀರು ಹುಯ್ದು ಸಾಯಿಸ್ತೀಯೇನ್ಲಾ ನನ್ನ? ಈ ಮನೇಲಿ ಒಬ್ರಿಗಾದ್ರೂ ನೀರು ಕಾಯಿಸಾಕೆ ಬತ್ತದಾ? ಹೋಗು, ಬಿಸಿ ಮಾಡ್ಕೊಂಡ್ ಬಾ."

ಅಪ್ಪ ಬಿಂದಿಗೆ ಎತ್ತಿಕೊಂಡು ದೊಡ್ಡಮ್ಮನ ಒಲೆಯ ಕಡೆಗೆ ನಡೆದ. ದೊಡ್ಡಮ್ಮ ಜರುಗಿ ದಾರಿ ಬಿಟ್ಟಳು.